ಪಡೀಲಿನ ನೆರೆಯಲ್ಲಿ ತನ್ಮಯತೆಯ ಪೂರ್ವಚರಿತ್ರೆ

ಬಂಟ್ವಾಳದ ಕಡೆಯಿಂದ ಬರುವ ಹೆದ್ದಾರಿಯು ಮಂಗಳೂರು ನಗರವನ್ನು ಹೊಗುವೆಡೆಯಲ್ಲಿರುವ ಪಡೀಲು, ಚರಿತ್ರಕಾರರ ಲೇಖನಿಗೆ ಹೆಚ್ಚಾಗಿ ಒದಗಿಬಂದ ಸ್ಥಳವಲ್ಲವಾದರೂ, ದಾರಿಗಳು ಕೂಡಿ ಅಗಲುವ ತಾಣವೆಂಬ ಗೌರವ ಅದಕ್ಕೆ ಸಲ್ಲತಕ್ಕುದು. 1907ರಲ್ಲಿ ಶೊರನೂರಿನ ದಿಕ್ಕಿನಿಂದ ಕಡಲಗುಂಟ ಬಂದ ರೈಲುಹಾದಿ ಮಂಗಳೂರನ್ನು ಮುಟ್ಟಿತು. ಹಾಸನದಿಂದ ಘಟ್ಟವಿಳಿದು ಬರುವ ಹಾದಿ ಸಂಚಾರಕ್ಕೆ ತೆರೆದುದು 1979ರಲ್ಲಿ. ಇಂದು ಮಂಗಳೂರು ಜಂಕ್ಷನ್ ನಿಲ್ದಾಣವನ್ನು ಬಿಟ್ಟು ಉತ್ತರಕ್ಕೆ ಹೊರಟ ಗಾಡಿಯು ಪಣಂಬೂರಿನ ಕಡೆಗೆ ಹೊರಳಬೇಕೋ ಘಟ್ಟದ ಕಡೆಗೆ ಹೊರಳಬೇಕೋ ಎಂಬುದು ಇತ್ಯರ್ಥವಾಗುವುದು ಪಡೀಲಿನಲ್ಲಿಯೇ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಆ ಘಟ್ಟದಲ್ಲಿ 57 ಸುರಂಗಗಳಿವೆ. 2021ರ ಜುಲೈಯಿಂದ ಯಶವಂತಪುರದ ಹಗಲುಗಾಡಿಗೆ ಗಾಜಿನ ಮಾಡನ್ನುಳ್ಳ ವಿಸ್ಟಾಡೋಮ್ ಬೋಗಿಗಳನ್ನು ಸೇರಿಸಿರುವುದರಿಂದ, ಕಾಡು, ಕಣಿವೆ, ಕತ್ತಲೆ, ಮತ್ತೆ ಕಾಡು ಎಂಬ ಕ್ರಮದಲ್ಲಿ ಎಡಬಲಗಳಿಂದಲೂ ತಲೆಯ ಮೇಲಿನಿಂದಲೂ ದೃಶ್ಯಗಳು ಸುತ್ತುಗಟ್ಟುವ ಅನುಭವವನ್ನು ಪಡೆದ ಪ್ರಯಾಣಿಕನು ಪಡೀಲನ್ನು ಹಾಯ್ದು ನಗರದೊಳಕ್ಕೆ ಬರುತ್ತಾನೆ.

ನೋಡುವವನನ್ನು ಹೀಗೆ ಸುತ್ತುವರಿದು ತನ್ನೊಳಕ್ಕೆ ಎಳೆದುಕೊಳ್ಳುವ ದೃಶ್ಯವನ್ನು ಕುರಿತು ಇಂದು ಡಿಜಿಟಲ್ ಕಲೆಯ ವಿದ್ಯಾರ್ಥಿಗಳು ಆಳವಾಗಿ ಯೋಚಿಸುತ್ತಿದ್ದಾರೆ. ಕಣ್ಣು ಕಾಣುವುದೆಂದರೇನು, ಕಂಡುದು ನೆನಪಾಗಿ ಉಳಿಯುವುದು ಹೇಗೆ, ಇರುವ ಠಾವನ್ನು ಮರೆತು ಇಲ್ಲದ ಠಾವಿನಲ್ಲಿ ನಿಂತಂತೆ ಮನಸ್ಸಿಗೆ ತೋರುವುದಕ್ಕೆ ಏನೇನು ಕಾರಣಗಳು ಕೂಡಿಬರಬೇಕು ಎಂಬ ಪ್ರಶ್ನೆಗಳು ಅವರ ಪ್ರಬಂಧಗಳಲ್ಲಿಯೂ ಪ್ರಯೋಗಗಳಲ್ಲಿಯೂ ಮೇಲಿಂದ ಮೇಲೆ ಬರುತ್ತವೆ. 1968ರಲ್ಲಿ ಅಮೆರಿಕದ ಐವನ್ ಸದರ್ಲೆಂಡನು ತಲೆಗೆ ಕಟ್ಟಿಕೊಳ್ಳುವ ದೃಶ್ಯಯಂತ್ರವನ್ನು ತೋರಿಸಿದಂದಿನಿಂದ ಈ ವಿದ್ಯೆಯ ಚರಿತ್ರೆಯನ್ನು ಆರಂಭಿಸುವುದು ವಾಡಿಕೆ. ಯಂತ್ರದ ಮಟ್ಟಿಗೆ ಅದು ಸರಿಯಾದ ಗಣನೆಯೇ. ಆದರೆ ಯಂತ್ರವು ಯಾವ ಅನುಭವಕ್ಕೆ ಸಾಧನವಾಗಿದೆಯೋ ಆ ಅನುಭವದ ಚರಿತ್ರೆಯನ್ನು ಬರೆಯಹೊರಟರೆ ಪಡೀಲಿನಿಂದ ಒಂದೆರಡು ಗಾವುದದ ಒಳಗೆಯೇ ಅದಕ್ಕೆ ಸಾಮಗ್ರಿ ಯಥೇಚ್ಛವಾಗಿ ದೊರೆಯುತ್ತದೆ. ಆ ಸಾಮಗ್ರಿಯನ್ನು ಪರಿಶೀಲಿಸಿದಷ್ಟೂ ನನಗೆ ದೃಢವಾಗುತ್ತ ಬಂದಿರುವ ಅಭಿಪ್ರಾಯವೆಂದರೆ, ತನ್ಮಯತೆಗೆ ಚಿತ್ರದ ವಿಸ್ತಾರಕ್ಕಿಂತಲೂ ನೋಡುವವನು ಜೊತೆಯಲ್ಲಿ ತಂದ ನೆನಪೇ ಮುಖ್ಯವಾದ ಆಧಾರವೆಂಬುದು.

ಮೊದಲು ನಗರದ ಮಧ್ಯದ ಗುಡ್ಡಕ್ಕೆ ಹೋಗೋಣ. 1880ರಲ್ಲಿ ಜೆಸುಯಿಟ್ ಸಂಘದ ಪಾದ್ರಿಗಳು ಆರಂಭಿಸಿದ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರವು ಆ ದಶಕದ ಮಧ್ಯದಲ್ಲಿ ಸಿದ್ಧವಾಯಿತು. ಹೊರಗಿನಿಂದ ನೋಡಿದವನಿಗೆ ಅದು ತನ್ನ ಒಳಗನ್ನು ಸ್ವಲ್ಪವೂ ಬಿಟ್ಟುಕೊಡುವುದಿಲ್ಲ. ಇಟಲಿಯ ಬೆರ್ಗಾಮೋ ನಗರದ ಸಮೀಪದ ಸ್ತೆಜ್ಜಾನೋ ಎಂಬ ಊರಿನಲ್ಲಿ 1854ರಲ್ಲಿ ಹುಟ್ಟಿ, ಬೆರ್ಗಾಮೋದ ಕರ್ರಾರ ಕಲಾಶಾಲೆಯಲ್ಲಿ ಶಿಕ್ಷಣ ಪಡೆದು, 1889ರಲ್ಲಿ ಸಂಘವನ್ನು ಸೇರಿದ ಆಂತೋನಿಯೋ ಮೋಸ್ಕೇನಿ ಎಂಬ ಬ್ರದರು ಮಂಗಳೂರಿಗೆ ಬಂದು 1899ರಿಂದ 1901ರವರೆಗೆ ಈ ಮಂದಿರದ ಗೋಡೆಗಳನ್ನೂ ಛಾವಣಿಯನ್ನೂ ಚಿತ್ರಗಳಿಂದ ತುಂಬಿಸಿದನು. ಗೋಡೆಯ ಚಿತ್ರಗಳು ಹಸಿಗಾರೆಯ ಮೇಲೆ ಬರೆದವು. ಛಾವಣಿಯವು ಕ್ಯಾನ್‌ವಾಸಿನ ಮೇಲೆ ತೈಲವರ್ಣದಿಂದ ಬರೆದವು. ಹಸಿಗಾರೆಯ ಚಿತ್ರವೆಂದರೆ, ಆ ದಿವಸಕ್ಕೆ ಬೇಕಾದಷ್ಟೇ ಸುಣ್ಣದ ಗಾರೆಯನ್ನು ಗೋಡೆಗೆ ಬಳಿದು, ಅದು ಒಣಗುವುದರೊಳಗಾಗಿ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಿ ಮುಗಿಸಬೇಕಾದ ಕೆಲಸ. ಸುಣ್ಣವು ಗಾಳಿಯೊಡನೆ ಸೇರಿ ಕಲ್ಲಾಗುವಾಗ ಬಣ್ಣವನ್ನೂ ತನ್ನೊಳಗೆ ಹಿಡಿದುಕೊಳ್ಳುತ್ತದೆ. ವರ್ಷಕ್ಕೆ 3500 ಮಿಲಿಮೀಟರಿಗೂ ಮೀರಿ ಮಳೆ ಹೊಯ್ಯುವ, ಆಷಾಢ ಶ್ರಾವಣಗಳಲ್ಲಿ ಮಡಚಿಟ್ಟ ಬಟ್ಟೆಗೂ ಬೂಸ್ಟು ಹಿಡಿಯುವ ಈ ಕರಾವಳಿಯಲ್ಲಿ ಅಂಥ ವಿಧಾನವನ್ನು ಕೈಕೊಂಡುದು ಎಷ್ಟು ದೊಡ್ಡ ಸಾಹಸವೆಂಬುದನ್ನು ಇಲ್ಲಿ ಮನೆಯ ಗೋಡೆಗೆ ಸುಣ್ಣ ಹೊಡೆಸಿದ ಯಾರಾದರೂ ಊಹಿಸಬಲ್ಲರು. ನೀರು ಮತ್ತು ತೇವದಿಂದ ಚಿತ್ರಗಳು ಕೆಡತೊಡಗಿದುದರಿಂದ 1991ರಿಂದ 1994ರವರೆಗೆ ಪರಂಪರೆಯ ಸಂರಕ್ಷಣೆಗಾಗಿರುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಅವನ್ನು ಜೀರ್ಣೋದ್ಧಾರ ಮಾಡಬೇಕಾಯಿತು.

ಬಾಗಿಲನ್ನು ದಾಟಿ ಒಳಗೆ ಕಾಲಿಟ್ಟವನ ಕಣ್ಣಿಗೆ ಬರಿಯ ಗೋಡೆಯೆಂಬುದು ಎಲ್ಲಿಯೂ ದೊರೆಯದು. ಇಳಿಜಾರಾದ ಛಾವಣಿಯಲ್ಲಿ ಅಪೊಸ್ತಲರು, ಕಮಾನುಗಳಲ್ಲಿ ಸಂತರು, ನಡುವಣ ಛಾವಣಿಯಲ್ಲಿ ರೋಮಿನ ಪ್ಲೇಗುರೋಗಿಗಳ ಶುಶ್ರೂಷೆಯಲ್ಲಿ ತೊಡಗಿ 1591ರಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡ ಸಂತ ಅಲೋಶಿಯಸ್ ಗೊನ್ಜಾಗನ ಜೀವನವೃತ್ತಾಂತ. ಇವುಗಳ ನಡುವಿನ ಅಂತರವನ್ನೆಲ್ಲ ಹೂಬಳ್ಳಿಗಳೂ ದೇವದೂತರೂ ಅಂಚುಪಟ್ಟಿಗಳೂ ಆವರಿಸಿವೆ. ಚೌಕಟ್ಟಿನಲ್ಲಿ ಬಿಗಿದು ತೂಗುಹಾಕಿದ ಚಿತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಚೌಕಟ್ಟಿನ ಚಿತ್ರವು ತನ್ನ ಮೇರೆಯನ್ನು ತಾನೇ ಸಾರುತ್ತದೆ. ಇಲ್ಲಿ ಮೇರೆಯೆಂದರೆ ನಾವು ಹೊಕ್ಕ ಬಾಗಿಲೊಂದೇ. ಡಿಜಿಟಲ್ ಕಲೆಯ ವಿದ್ಯಾರ್ಥಿಯು ದೃಷ್ಟಿಯ ಅಂಚಿನಲ್ಲಿ ಬಿಂಬವು ಕಡಿದುಹೋಗದಂತೆ ಮಾಡುವುದಕ್ಕೆ ಪಡುವ ಪಾಡನ್ನೆಲ್ಲ ಮೋಸ್ಕೇನಿ ಕುಂಚದಿಂದ ಪಟ್ಟಿದ್ದಾನೆ. ಅವನ ಹಿಂದೆ ಒಂದು ಪರಂಪರೆಯೂ ಇದ್ದಿತು. ಅದೇ ಸಂಘದ ಬ್ರದರಾದ ಆಂದ್ರೇಯ ಪೊತ್ಸೋ ಎಂಬ ಚಿತ್ರಕಾರನು ಹದಿನೇಳನೆಯ ಶತಮಾನದ ಕೊನೆಯಲ್ಲಿ ರೋಮಿನ ಸಂತ ಇಗ್ನೇಷಿಯಸ್ ದೇವಾಲಯದ ಛಾವಣಿಯನ್ನು ಬರೆದಾಗ, ಕಟ್ಟಡದ ಕಂಬಗಳು ಮೇಲೆ ಮುಂದುವರಿದು ಆಕಾಶವೇ ಬಾಯ್ದೆರೆದಂತೆ ಕಾಣುವ ಹಾಗೆ ರೇಖೆಗಳನ್ನು ಕೂಡಿಸಿದನು. ಆ ಭ್ರಾಂತಿಯು ಪೂರ್ಣವಾಗಿ ಫಲಿಸುವುದು ನೆಲದಲ್ಲಿ ಹುದುಗಿಸಿದ ಒಂದು ಅಮೃತಶಿಲೆಯ ಬಿಲ್ಲೆಯ ಮೇಲೆ ನಿಂತವನಿಗೆ ಮಾತ್ರ. ನಾಲ್ಕು ಹೆಜ್ಜೆ ಸರಿದರೆ ಕಂಬಗಳು ವಾಲುತ್ತವೆ. ನೋಡುವವನು ಎಲ್ಲಿ ನಿಲ್ಲತಕ್ಕದ್ದು ಎಂಬುದನ್ನು ಚಿತ್ರಕಾರನೇ ಗೊತ್ತುಮಾಡಿಬಿಡುವ ಈ ಪದ್ಧತಿಗೆ ಪ್ರತಿಯಾದ ಇನ್ನೊಂದು ಪದ್ಧತಿ ನಮ್ಮ ಗದ್ದೆಗಳಲ್ಲಿ ಬೆಳೆದಿತ್ತು. ಅದಕ್ಕೆ ಬರುವ ಮೊದಲು ಸ್ವಲ್ಪ ಘಟ್ಟದ ಮೇಲಕ್ಕೆ ಹೋಗಿಬರುವುದು ಅವಶ್ಯ.

ಮಂಗಳೂರಿನ ರಾಜಕೀಯ ಭವಿಷ್ಯವು 1799ರಲ್ಲಿ ನಿರ್ಣಯವಾದುದು ಟಿಪ್ಪುವಿನ ರಾಜಧಾನಿಯಾದ ಶ್ರೀರಂಗಪಟ್ಟಣದಲ್ಲಿ. ಆ ಪಟ್ಟಣದ ಪತನವನ್ನು ಮರುವರ್ಷವೇ ಲಂಡನ್ನಿನ ಜನರು ಟಿಕೆಟು ಕೊಂಡು ಕಂಡರು. ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಚಿತ್ರಕಾರನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಕೋಟೆಗೆ ಲಗ್ಗೆಯಿಟ್ಟ ದೃಶ್ಯವನ್ನು ಬರೆದು 1800ರಲ್ಲಿ ಲೈಸಿಯಂ ಸಭಾಂಗಣದಲ್ಲಿ ಅರ್ಧವೃತ್ತಾಕಾರವಾಗಿ ನಿಲ್ಲಿಸಿದನು. ಅವನು ಕಾವೇರಿಯನ್ನು ಕಂಡವನಲ್ಲ, ನೋಡಬಂದವರೂ ಕಂಡವರಲ್ಲ. ಆದರೂ ಸುತ್ತುಗಟ್ಟಿದ ಚಿತ್ರದ ಬಲದಿಂದ ಆ ಜನ ತಾವೇ ರಣರಂಗದಲ್ಲಿ ನಿಂತು ಬಂದವರಂತೆ ಮನೆಗೆ ಹಿಂದಿರುಗಿದರೆಂಬುದನ್ನು ನೆನೆದಾಗ, ಕಾಣದುದರ ನೆನಪನ್ನು ಹುಟ್ಟಿಸುವ ಈ ಶಕ್ತಿ ಎಷ್ಟು ಅಪಾಯಕಾರಿಯೂ ಆಗಬಲ್ಲುದೆಂಬ ಅರಿವು ಮೂಡುತ್ತದೆ. ಆ ಬೃಹಚ್ಚಿತ್ರವು ಮುಂದೆ ಬೆಂಕಿಗೆ ಆಹುತಿಯಾಯಿತು.

ಅದೇ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯಲ್ಲಿ ಎದುರುಪಕ್ಷದ ಚಿತ್ರವಿದೆ: 1780ರ ಪೊಲ್ಲಿಲೂರಿನ ಕಾಳಗದಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯವು ಈಸ್ಟ್ ಇಂಡಿಯಾ ಕಂಪೆನಿಯ ದಂಡನ್ನು ಮುತ್ತಿ ಮುರಿದ ವೃತ್ತಾಂತ. ಈ ಗೋಡೆಗೆ ಎರಡು ಸಾರಿ ಸುಣ್ಣ ಬಳಿಯಲಾಗಿತ್ತೆಂದೂ, 1854ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ, ಮೂಲಚಿತ್ರವನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದ ಒಬ್ಬ ದೇಶೀಯ ಚಿತ್ರಗಾರನು ಅದನ್ನು ಮತ್ತೆ ಬರೆದನೆಂದೂ ಗೆಜೆಟಿಯರಿನಲ್ಲಿ ಹೇಳಿದೆ. ಇಂದು ನಾವು ಅಲ್ಲಿ ಕಾಣುವುದು ಕಾಳಗದ ಚಿತ್ರವಾಗಿರುವಂತೆಯೇ ಒಬ್ಬ ಕುಶಲಕರ್ಮಿಯ ಸ್ಮರಣೆಯ ಚಿತ್ರವೂ ಆಗಿದೆ. ಪೋರ್ಟರನ ಚಿತ್ರ ಅದಕ್ಕಿಂತ ದೊಡ್ಡದಾಗಿತ್ತು. ಅದನ್ನು ನೆನಪಿನಿಂದ ಮರಳಿ ಬರೆಯುವವನು ಮಾತ್ರ ಹುಟ್ಟಿಬರಲಿಲ್ಲ.

ಈಗ ಗದ್ದೆಗೆ ಇಳಿಯೋಣ. ದೀಪಾವಳಿ ಕಳೆದು ಕೆಲವು ದಿವಸಗಳಲ್ಲಿ ಯಕ್ಷಗಾನದ ಮೇಳಗಳು ಹೊರಟು, ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ, ಮಂಗಳೂರು, ಬಂಟ್ವಾಳ, ಕಾಸರಗೋಡುಗಳ ಸೀಮೆಯಲ್ಲಿ ರಾತ್ರಿಯ ಬಯಲಾಟ ನಡೆಯುತ್ತ ಬಂದಿರುವುದು ಎಲ್ಲರಿಗೂ ತಿಳಿದ ವಿಷಯ. ಬೈಗಿನಲ್ಲಿ ಆಟವನ್ನು ಸಾರುವ ಕೇಳಿಯ ಚೆಂಡೆ ಮೊಳಗಿದೊಡನೆ ಎರಡು ಮೂರು ಹರದಾರಿಯ ಆಚೆಗಿನ ಮನೆಗಳಲ್ಲಿಯೂ ಆಟ ಆರಂಭವಾದಂತೆಯೇ ಸರಿ; ಚಾಪೆ ಸುತ್ತಿಕೊಂಡು, ಸೂಟೆ ಬೀಸಿಕೊಂಡು, ಗದ್ದೆಯ ಬದುವಿನ ಮೇಲೆ ಕತ್ತಲಲ್ಲಿ ನಡೆದುಬರುವಾಗಲೇ ಮನಸ್ಸು ಆಟದ ಒಳಗೆ ಕಾಲಿಡುತ್ತಿತ್ತು. ರಂಗಸ್ಥಳವೆಂದರೆ ನಾಲ್ಕು ಕಂಬ, ಮಾವಿನ ತೋರಣ, ಒಂದು ರಥ. ಮೂರು ಕಡೆಯಿಂದ ಜನ. ಪರದೆಯ ಮೇಲೆ ಬರೆದ ಅರಮನೆಯಿಲ್ಲ, ಅರಣ್ಯವಿಲ್ಲ. ಭಾಗವತನ ಪದ್ಯ ಮತ್ತು ವೇಷಧಾರಿಯ ಅರ್ಥಗಾರಿಕೆಗಳೇ ಅವನ್ನು ಕಟ್ಟಬೇಕು. ಒಂದು ಸುತ್ತು ಕುಣಿದರೆ ಪಾತ್ರವು ಒಂದು ಲೋಕದಿಂದ ಇನ್ನೊಂದು ಲೋಕಕ್ಕೆ ಹೋದಂತಾಯಿತು. ಇದನ್ನು ಜನ ಸಂದೇಹವಿಲ್ಲದೆ ಒಪ್ಪಿದುದಕ್ಕೆ ಕಾರಣ, ಆ ಕಥೆಯನ್ನು ಅವರು ಮೊದಲೇ ಬಲ್ಲವರಾಗಿದ್ದುದು. ಅಜ್ಜಿಯ ಬಾಯಿಂದ ಕೇಳಿದ್ದು, ಹೋದ ವರ್ಷ ಇನ್ನೊಂದು ಮೇಳದವರು ಆಡಿದ್ದು, ತಾಳಮದ್ದಳೆಯಲ್ಲಿ ವಾದಕ್ಕೆ ಬಂದದ್ದು, ಇವೆಲ್ಲವೂ ಸೇರಿ ಒಬ್ಬೊಬ್ಬನ ಮನಸ್ಸಿನಲ್ಲಿಯೂ ಒಂದು ಚಿತ್ರಶಾಲೆ ಸಿದ್ಧವಾಗಿತ್ತು. ರಂಗಸ್ಥಳದ ಕೆಲಸ ಅದರ ದೀಪವನ್ನು ಹೊತ್ತಿಸುವುದು.

ದೇವಿಮಹಾತ್ಮೆಯ ಆಟದಲ್ಲಿ ಮಹಿಷಾಸುರನ ಪ್ರವೇಶವನ್ನು ಹತ್ತಿರದಿಂದ ನೋಡಿದವರಿಗೆ ಈ ಮಾತು ವಿವರಣೆಯಿಲ್ಲದೆ ತಿಳಿಯುತ್ತದೆ. ಅವನು ವೇಷ ಕಟ್ಟುವ ಚೌಕಿಯಿಂದ ನೇರವಾಗಿ ರಂಗಸ್ಥಳಕ್ಕೆ ಬರುವುದಿಲ್ಲ. ನಡುರಾತ್ರಿಯಲ್ಲಿ ಎಲ್ಲರ ಮುಖವೂ ಭಾಗವತನ ಕಡೆಗಿರುವಾಗ ಬಹುದೂರದಲ್ಲಿ, ಜನರ ಬೆನ್ನ ಹಿಂದೆ, ಒಂದು ಕೂಗು ಏಳುತ್ತದೆ. ಎಲ್ಲರೂ ತಿರುಗುತ್ತಾರೆ. ದೊಂದಿಗಳ ಕೆಂಪು ಬೆಳಕು ಮರಗಳ ನಡುವೆ ಆಡುತ್ತದೆ. ಅದರ ಮೇಲೆ ಎರಚಿದ ರಾಳದ ಪುಡಿ ಭುಗ್ಗೆಂದು ಆಳೆತ್ತರ ಉರಿದು ಆರುತ್ತದೆ. ಆ ಕ್ಷಣದಲ್ಲಿ ಮಾತ್ರ ಎರಡು ಕೊಂಬು, ಮುಖದ ಮೇಲೆ ಮುಳ್ಳುಮುಳ್ಳಾಗಿ ನಿಂತ ಚುಟ್ಟಿಯ ಬಿಳುಪು, ಕೆಂಡದಂಥ ಕಣ್ಣು. ಮತ್ತೆ ಕತ್ತಲೆ. ಚೆಂಡೆಯ ಪೆಟ್ಟು ಬಿರುಸಾಗುತ್ತದೆ, ಚಾಪೆಯ ಮೇಲೆ ಮಲಗಿದ್ದ ಮಕ್ಕಳು ಎದ್ದು ತಾಯಂದಿರನ್ನು ತಬ್ಬಿಕೊಳ್ಳುತ್ತಾರೆ, ಜನ ಎದ್ದು ದಾರಿ ಬಿಡುತ್ತಾರೆ, ಆ ದಾರಿಯಲ್ಲಿ ಅವನು ಆರ್ಭಟಿಸುತ್ತ, ಬೆವರು ಮತ್ತು ರಾಳದ ವಾಸನೆಯೊಡನೆ, ಮೈಗೆ ಮೈ ತಾಗುವಷ್ಟು ಸಮೀಪದಲ್ಲಿ ಹಾದುಹೋಗುತ್ತಾನೆ. ಪೊತ್ಸೋ ಮಹಾಶಯನು ನೋಡುವವನಿಗೆ ನಿಲ್ಲುವ ಬಿಲ್ಲೆಯೊಂದನ್ನು ಗೊತ್ತುಮಾಡಿದರೆ, ಇಲ್ಲಿ ಎಲ್ಲಿ ಕುಳಿತವನಿಗೂ ಅವನ ಠಾವೇ ರಂಗಸ್ಥಳವಾಗುತ್ತದೆ. ಗಂಧ, ಶಾಖ, ನೆಲದ ಅದುರು, ಬೆನ್ನ ಹಿಂದಿನ ಶಬ್ದ ಇವುಗಳೆಲ್ಲವನ್ನೂ ಕೂಡಿಸಿ ಯೋಜಿಸಿದ ಇಂಥ ಪ್ರವೇಶಕ್ಕೆ ಸಮನಾದುದನ್ನು ಯಾವ ಹೆಡ್‌ಸೆಟ್ಟೂ ಈವರೆಗೆ ಕೊಟ್ಟಿಲ್ಲವೆಂದು ನಾನು ನಂಬುತ್ತೇನೆ.

ಬೆಳಕಿನ ವಿಷಯದಲ್ಲಿ ಇನ್ನೂ ಒಂದು ಮಾತು. ಅಕ್ಕಿಹಿಟ್ಟು ಸುಣ್ಣಗಳನ್ನು ಕಲಸಿ ಗಂಟೆಗಟ್ಟಲೆ ಕುಳಿತು ಇಡುವ ಬಣ್ಣದ ವೇಷದ ಚುಟ್ಟಿಯು ದೀವಟಿಗೆಯ ಬೆಳಕಿಗಾಗಿಯೇ ಹುಟ್ಟಿದ ಕಲೆ. ಅಲುಗುವ ಜ್ವಾಲೆಯಲ್ಲಿ ಒಂದೊಂದು ಮುಳ್ಳಿಗೂ ಒಂದೊಂದು ನೆರಳಿದ್ದು, ಮುಖವು ಅಲುಗದಿದ್ದರೂ ಮುಖದ ಮೇಲಿನ ಭಾವ ಅಲುಗುತ್ತಿತ್ತು. ದೀವಟಿಗೆಯ ಬಳಿಕ ಗ್ಯಾಸ್‌ಲೈಟು, ಅದರ ಬಳಿಕ ವಿದ್ಯುದ್ದೀಪ ಮತ್ತು ಟ್ಯೂಬ್‌ಲೈಟು ಬಂದಂತೆ ವೇಷವು ಸ್ಪಷ್ಟವಾಯಿತು, ನೆರಳು ಹೋಯಿತು. ಈಚೆಗೆ ಕಾಲಮಿತಿಯ ಪ್ರಯೋಗಗಳು ಹೆಚ್ಚಿ, ಹಲವು ಮೇಳಗಳ ಆಟ ನಡುರಾತ್ರಿಯ ಹೊತ್ತಿಗೆ ಮುಗಿಯುತ್ತಿದೆ. ಬೆಳಗಾಗುವುದರೊಳಗೆ ಎದ್ದು ಉದ್ಯೋಗಕ್ಕೆ ಹೋಗಬೇಕಾದವರಿಗೆ ಇದು ಅನುಕೂಲವೇ. ಆದರೆ ನಿದ್ದೆ ಮತ್ತು ಎಚ್ಚರಗಳ ಸಂಧಿಯಲ್ಲಿ, ಮೂರನೆಯ ಜಾವದ ಚಳಿಯಲ್ಲಿ, ಕನಸೋ ಆಟವೋ ಎಂದು ತಿಳಿಯದಂತೆ ಕಂಡ ದೃಶ್ಯಗಳು ಇನ್ನು ಮುಂದಿನವರ ನೆನಪಿನಲ್ಲಿ ಇರಲಾರವು ಎಂಬುದು ನನಗೆ ನಿಜವಾದ ನಷ್ಟವೆಂದು ತೋರುತ್ತದೆ.

ನೆನಪಿನ ಶಾಸ್ತ್ರೀಯ ಅಧ್ಯಯನಕ್ಕೂ ಈ ಕರಾವಳಿಯೇ ಕ್ಷೇತ್ರವಾದುದು ನಮ್ಮ ಸೌಭಾಗ್ಯ. ನಂದಳಿಕೆ, ಕವತ್ತಾರು ಮುಂತಾದೆಡೆಗಳ ಸಿರಿಜಾತ್ರೆಯಲ್ಲಿ ಹಿಂಗಾರವನ್ನು ಕೈಯಲ್ಲಿ ಹಿಡಿದ ಹೆಂಗಸರು ತುಳುವಿನ ಸಿರಿಕಥೆಯ ಸಿರಿ, ಸೊನ್ನೆ, ಗಿಂಡೆ, ಅಬ್ಬಗ, ದಾರಗರಾಗಿ ತಮ್ಮ ಕಥೆಯನ್ನು ತಾವೇ ಹಾಡಿಕೊಳ್ಳುತ್ತಾರೆ. ಕಥೆಯನ್ನು ನೋಡುವುದಕ್ಕೂ ಕಥೆಯೊಳಗೆ ಬದುಕುವುದಕ್ಕೂ ಇರುವ ಗೆರೆ ಅಲ್ಲಿ ಅಳಿಸಿಹೋಗುತ್ತದೆ. ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು ತಮ್ಮ ಬಳಗದ ಸಿರಿಗಳಿಗೆ ಮುಂದಾಳಾಗಿದ್ದರು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ, ಮಂಗಳೂರು ವಿಶ್ವವಿದ್ಯಾನಿಲಯದ ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರು ಅವರ ಬಾಯಿಂದ ಸಿರಿಯ ಮಹಾಕಾವ್ಯವನ್ನು ಧ್ವನಿಮುದ್ರಣದಲ್ಲಿಯೂ ವಿಡಿಯೋದಲ್ಲಿಯೂ ಹಿಡಿದರು. 15,683 ಸಾಲುಗಳ ಆ ಪಾಠವು 1998ರಲ್ಲಿ ಹೆಲ್ಸಿಂಕಿಯಲ್ಲಿ ಅಚ್ಚಾಯಿತು. ಇಷ್ಟು ದೀರ್ಘವಾದ ಕಾವ್ಯವು ಅಕ್ಷರಶಃ ಕಂಠಪಾಠವಾಗಿ ಇರುವುದಿಲ್ಲವೆಂದೂ, ಕಥೆಯ ಎಳೆಗಳು, ಮರುಕಳಿಸುವ ಸೂತ್ರಗಳು, ದೃಶ್ಯದ ಮಾದರಿಗಳು ಇವುಗಳಿಂದ ಹೆಣೆದ ಮಾನಸಿಕ ಪಾಠವೊಂದು ಹಾಡುಗಾರನಲ್ಲಿದ್ದು, ಪ್ರತಿಯೊಂದು ಸಂದರ್ಭದಲ್ಲಿಯೂ ಅದು ಹೊಸದಾಗಿ ಹಾಡಾಗುತ್ತದೆಯೆಂದೂ ಹಾಂಕೊ ಪ್ರತಿಪಾದಿಸಿದರು. ಡಿಜಿಟಲ್ ಮಾಧ್ಯಮದಲ್ಲಿ ನೋಡುವವನ ನಡೆಗೆ ತಕ್ಕಂತೆ ಕಥೆ ಬದಲಾಗಬೇಕೆಂದು ಬಯಸುವ ವಿದ್ಯಾರ್ಥಿಗೆ ಇದಕ್ಕಿಂತ ಉಪಯುಕ್ತವಾದ ಸಿದ್ಧಾಂತಗ್ರಂಥ ಬೇರೆ ಬೇಕಾಗದು. ಉಡುಪಿಯ ಎಂ. ಜಿ. ಎಂ. ಕಾಲೇಜಿನಲ್ಲಿ ಕು. ಶಿ. ಹರಿದಾಸ ಭಟ್ಟರು ನೆಲೆಗೊಳಿಸಿದ ಜಾನಪದ ರಂಗಕಲೆಗಳ ಕೇಂದ್ರವು ಯಕ್ಷಗಾನ, ನಾಗಾರಾಧನೆ, ಭೂತಾರಾಧನೆಗಳನ್ನು ದಾಖಲಿಸಿದುದನ್ನೂ ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು.

ಇಷ್ಟೆಲ್ಲ ಆದ ಬಳಿಕ ಬಂದುದು ಯಂತ್ರದ ಯುಗ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್ಲಾ ಕಾಗದದ ನೆಗೆಟಿವುಗಳ ಮೇಲೆ ಹಿಡಿದಿದ್ದ ಹಂಪಿಯ ಹಾಳುಗಳನ್ನು ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಅದೇ ಅದೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರಿಸಿದವನು ಆಸ್ಟ್ರೇಲಿಯದ ಜಾನ್ ಗೊಲಿಂಗ್ಸ್. ಅವನು ತೆಗೆದ ಘನದೃಶ್ಯದ ಪನೋರಮಾ ಚಿತ್ರಗಳನ್ನು ಬಳಸಿ ಸಾರಾ ಕೆಂಡರ್ಡೈನ್ ಮತ್ತು ಜೆಫ್ರಿ ಶಾ 2006ರಲ್ಲಿ ಪ್ಲೇಸ್–ಹಂಪಿ ಎಂಬ ಕೃತಿಯನ್ನು ರಚಿಸಿದರು. 9 ಮೀಟರ್ ವ್ಯಾಸದ ದುಂಡು ಪರದೆಯ ನಡುವೆ ತಿರುಗುವ ಒಂದು ವೇದಿಕೆ. ನೋಡುವವನೇ ಅದನ್ನು ತಿರುಗಿಸುತ್ತ ಹಂಪಿಯೊಳಗೆ ಸಂಚರಿಸಬಹುದು. ಯುರೋಪಿನಲ್ಲಿ ಮೊದಲು ಪ್ರದರ್ಶಿತವಾದ ಇದು ಮುಂದೆ ತೋರಣಗಲ್ಲಿನ ಬಳಿಯ ಕಲಾಧಾಮದಲ್ಲಿ ನೆಲೆಗೊಂಡು ಹಂಪಿಯ ನೆರೆಗೇ ಬಂದುದು ಉಚಿತವಾಯಿತು. ನಮ್ಮ ಮಂಗಳೂರಿಗಾದರೋ 2018ರ ಮಾರ್ಚಿನಲ್ಲಿ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯವು ದೊರೆಯಿತು. 18 ಮೀಟರ್ ವ್ಯಾಸದ ಗುಮ್ಮಟದ ಒಳಮೈಯಲ್ಲಿ ಆಕಾಶವನ್ನು ಮೂರು ಆಯಾಮಗಳಲ್ಲಿ ತೋರಿಸುವ ತಾರಾಲಯ ಭಾರತದಲ್ಲಿ ಅದೇ ಮೊದಲನೆಯದು. ಮೋಸ್ಕೇನಿಯ ಛಾವಣಿಗೂ ಈ ಗುಮ್ಮಟಕ್ಕೂ ನಡುವೆ ನೂರ ಹದಿನೇಳು ವರ್ಷಗಳ ಅಂತರ. ಒಂದೇ ದಿವಸದಲ್ಲಿ ಎರಡನ್ನೂ ನೋಡಿ ಬರುವ ಅವಕಾಶವುಳ್ಳ ವಿದ್ಯಾರ್ಥಿಗಳು ಈ ಊರಿನವರು.

ಬೆಂಗಳೂರಿನಲ್ಲಿ 1996ರಲ್ಲಿ ಆರಂಭವಾದ ಸೃಷ್ಟಿ ಕಲಾಶಾಲೆ, ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಶಾಖೆ ಇವುಗಳಲ್ಲಿ ಡಿಜಿಟಲ್ ಕಲೆಯ ಉನ್ನತ ವ್ಯಾಸಂಗಕ್ಕೆ ಅನುಕೂಲವಿದೆ. ಕರಾವಳಿಯ ಮಕ್ಕಳು ಅನೇಕರು ಘಟ್ಟ ಹತ್ತಿ ಹೋಗುತ್ತಾರೆ. ಅವರು ರಜೆಗೆ ಊರಿಗೆ ಬಂದಾಗ ಕೈಗೆತ್ತಿಕೊಳ್ಳಬಹುದಾದ ಕೆಲಸ ಎಷ್ಟೋ ಇದೆ. ನನ್ನನ್ನು ಕೇಳಿದರೆ ಮೊದಲನೆಯದಾಗಿ ಬೆಳಕಿನ ಕೆಲಸವನ್ನು ಹಿಡಿಯಬೇಕೆನ್ನುತ್ತೇನೆ: ಎಣ್ಣೆಯ ದೀಪ ಮತ್ತು ದೀವಟಿಗೆಗಳ ಬೆಳಕಿನಲ್ಲಿ ಬಣ್ಣದ ವೇಷವು ಹೇಗೆ ಕಾಣುತ್ತಿತ್ತೆಂಬುದನ್ನು, ಅದನ್ನು ಕಂಡ ಅಥವಾ ಕಂಡವರಿಂದ ಕೇಳಿದ ಹಿರಿಯ ವೇಷಧಾರಿಗಳ ಎದುರಿನಲ್ಲಿ ನಿಜವಾದ ಚುಟ್ಟಿ, ನಿಜವಾದ ಜ್ವಾಲೆಗಳಿಂದ ಪರೀಕ್ಷಿಸಿ, ಅವರು ಇದು ಸರಿ, ಇದು ತಪ್ಪು ಎಂದು ತಿದ್ದಿದಂತೆ ದಾಖಲಿಸುವುದು. ದರಿಯಾ ದೌಲತ್ತಿನ ಗೋಡೆಗೆ ಒದಗಿದಂಥ ನೆನಪುಳ್ಳವರು ಇರುವಾಗಲೇ ಇದು ಆಗತಕ್ಕದ್ದು. ಇನ್ನೊಂದು, ಧ್ವನಿಯ ಕೆಲಸ: ಕೇಳಿಯ ಚೆಂಡೆಯು ಮಳೆ ಕಳೆದ ಗದ್ದೆಯ ಮೇಲೆ, ತೆಂಗಿನ ತೋಟದ ನಡುವೆ, ಗುಡ್ಡದ ಆಚೆಯಲ್ಲಿ ಹೇಗೆ ಹೇಗೆ ಕೇಳಿಸುತ್ತದೆಂಬುದನ್ನು ದೂರ ದೂರದಲ್ಲಿ ನಿಂತು ಹಿಡಿಯುವುದು. ಪಡೀಲು, ಕಣ್ಣೂರು, ಅಡ್ಯಾರುಗಳ ಸೀಮೆಯಲ್ಲಿ ಹೆದ್ದಾರಿಯ ವಾಹನಗಳ ಸದ್ದು ಹಗಲಿರುಳೂ ಹಬ್ಬಿರುವುದರಿಂದ ಅಲ್ಲಿ ಇದು ಈಗ ಸಾಧ್ಯವೋ ಎಂಬುದೇ ಪರೀಕ್ಷಿಸತಕ್ಕ ವಿಷಯ. ಘಟ್ಟದ ರೈಲಿನ ಸುರಂಗಗಳ ಬೆಳಕು ಕತ್ತಲೆಗಳನ್ನೂ, ಆ ಹಾದಿಯಲ್ಲಿ ಹಿಂದೆ ಮೀಟರ್‌ಗೇಜಿನ ಗಾಡಿಯಲ್ಲಿ ಓಡಾಡಿದವರ ನೆನಪುಗಳನ್ನೂ ಒಟ್ಟಿಗೆ ಇಡುವ ಕೃತಿಯೊಂದನ್ನು ಪಡೀಲಿನ ವಿದ್ಯಾರ್ಥಿಯೊಬ್ಬನು ಮಾಡಲೆಂಬ ಆಶೆಯೂ ನನಗಿದೆ.

ಭೂತಾರಾಧನೆಯ ಕೋಲ ನೇಮಗಳ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಬೆನ್ನಿಗೆ ಅಣಿ ಏರಿಸಿ ಕಾಲಿಗೆ ಗಗ್ಗರ ಕಟ್ಟಿದ ದೈವದ ಎದುರು ಕುಟುಂಬದವರೂ ಗ್ರಾಮದವರೂ ಕೈಮುಗಿದು ನಿಂತಿರುವಾಗ ಅಲ್ಲಿ ಪ್ರೇಕ್ಷಕನೆಂಬವನಿಗೆ ಸ್ಥಾನವೇ ಇಲ್ಲ. ಹಾಗಿರುವಲ್ಲಿ ಅದನ್ನು ಸುತ್ತುಕ್ಯಾಮೆರಾದಿಂದ ಹಿಡಿದು ಬೇರೊಂದು ಊರಿನ ಸಭಾಂಗಣದಲ್ಲಿ ಯಾರ ತಲೆಗೋ ತೊಡಿಸುವುದಕ್ಕೆ ಮುನ್ನ, ಪಾಡ್ದನವನ್ನು ಹೇಳಿದ ಹೆಂಗಸು, ಬಣ್ಣ ಹಚ್ಚಿಕೊಂಡ ನಲಿಕೆ, ಪಂಬದ, ಪರವ ಸಮುದಾಯಗಳವರು, ಸ್ಥಾನದ ಗುತ್ತಿನ ಮನೆಯವರು ಇವರೆಲ್ಲರ ಒಪ್ಪಿಗೆಯನ್ನು ಪಡೆಯಬೇಕು. ದೊರೆಯದಿದ್ದಲ್ಲಿ ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟು, ಹತ್ತು ಜನರೊಡನೆ ತಾನೂ ಒಬ್ಬನಾಗಿ ನಿಂತು, ದೈವದ ಪ್ರಸಾದವಾದ ಬೂಳ್ಯವನ್ನು ಸ್ವೀಕರಿಸಿ ಬರಬೇಕು.